ಕುಳ್ಳ ಬೇಡ

“ಈ ಕುಳ್ಳ ನಮಗೆ ಬೇಡ!”

ಬರ್ನಡೆಟ್ ಓಕ್ಸ್ ಮೇಜು ಗುದ್ದಿದ ರಭಸಕ್ಕೆ ಕಾಫಿ ಲೋಟಗಳು ಅದುರಿದವು. ಕೋಣೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು.

ಪಿಟ್ಸ್‌ಬರ್ಗ್‌ನ ಆ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಆಟಗಾರರನ್ನು ಹುಡುಕುವುದು ಅವಳ ಕೆಲಸ. ಟ್ರೆಮೇನ್ ಗ್ಯಾಡ್ಸನ್ ಎಂಬ ಹುಡುಗನನ್ನು ಯಂಗ್ಸ್‌ಟೌನಿನ ಚರ್ಚಿನ ಹಿಂದಿನ ಅಂಗಳದಲ್ಲಿ ಮೊದಲು ಕಂಡವಳೂ ಅವಳೇ. ಹಿಮ ಬೀಳುತ್ತಿದ್ದಾಗಲೂ ಕಾರು ಓಡಿಸಿಕೊಂಡು ಹೋಗಿ ಅವನ ಆಟ ನೋಡಿದ್ದಳು. ಅವನ ತಾಯಿ ಹುರಿದ ಮೀನು ಬಡಿಸಿದಾಗ ಕೇಳಿ ಹಾಕಿಸಿಕೊಂಡು ತಿಂದಿದ್ದಳು. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಲೀಗಿನ ಆಯ್ಕೆ ಮಾರನೆಯ ದಿನವಿತ್ತು. ಈಗ ಈ ಮಾತು!

“ಇವನು ನಿನ್ನ ಹುಡುಗ ಅಲ್ವೇನಮ್ಮಾ?” ತಂಡದ ಮುಖ್ಯಸ್ಥ ಹಾರ್ಲನ್ ವೈಸ್ ಕುರ್ಚಿಗೆ ಒರಗಿದ. “ಬೆಳಿಗ್ಗೆ ನಮ್ಮ ಮುಂದೆ ಆಡಿದಾಗ ಎಸೆದಿದ್ದೆಲ್ಲ ಬುಟ್ಟಿಗೇ ಬಿತ್ತಲ್ಲ?”

“ಬೀಳತ್ತೆ. ಮೂವತ್ತು ಪಾಯಿಂಟ್ ಹಾಕ್ತಾನೆ, ನಲವತ್ತು ಬಿಟ್ಟುಕೊಡ್ತಾನೆ. ಐದು ಅಡಿ ಒಂಬತ್ತು ಇಂಚು, ಹಾರ್ಲನ್! ಎದುರಾಳಿಗಳು ಬೇಟೆ ಆಡಿದ ಹಾಗೆ ಇವನನ್ನೇ ಹುಡುಕ್ತಾರೆ. ಆರೂವರೆ ಅಡಿಯವನನ್ನ ತಂದು ಇವನ ಎದುರು ನಿಲ್ಲಿಸ್ತಾರೆ. ಅವನು ಇವನ ನೆತ್ತಿ ಮೇಲಿಂದ ಬಾಲ್ ಹಾಕ್ತಾನೆ. ಇವನು ಹೋಗ್ತಿರೋ ಬಸ್ಸಿಗೆ ಕೈ ಮಾಡಿದ ಹಾಗೆ ಕುಣೀತಿರ್ತಾನೆ.”

ಯಾರೋ ನಕ್ಕರು. ಅವಳು ನಗಲಿಲ್ಲ.

“ಇಂಥವನು ಉಳೀಬೇಕು ಅಂದ್ರೆ ಹಿಂದೆ ಇಬ್ಬರು ಗೋಡೆ ಥರ ನಿಂತಿರಬೇಕು.”

“ನಮ್ಮಲ್ಲಿ ಇದ್ದಾರಲ್ಲ,” ಎಂದ ಎಲಿಯಟ್. ಅಂಕಿಅಂಶ ನೋಡುವ ಕೆಲಸಕ್ಕೆ ಈಚೆಗಷ್ಟೇ ಸೇರಿದವನು. “ಗೋಡೆಗಳಿಗೇನೂ ಬರ ಇಲ್ಲ. ಪಾಯಿಂಟ್ ಹಾಕೋರೇ ಇಲ್ಲ.”

“ನೀನು ಬಾಯಿ ಮುಚ್ಚು! ಬೇರೆ ಯಾವ ತಂಡಾನೂ ಇವನನ್ನ ಮೂಸಿ ನೋಡಲ್ಲ. ನಾವೇ ಯಾಕೆ ಮೂರ್ಖರಾಗಬೇಕು? ಹಾರ್ಲನ್, ಇವನನ್ನ ತಗೊಂಡ್ರೆ ನಿನಗೆ ತಲೆ ಇಲ್ಲ ಅಂತ ಪೇಪರ್‌ನವರ ಮುಂದೆ ನಾನೇ ಹೇಳ್ತೀನಿ.”

ಹಾರ್ಲನ್‌ನ ಕಿವಿ ಕೆಂಪೇರಿತು. “ಇಲ್ಲಿ ತೀರ್ಮಾನ ಮಾಡೋನು ನಾನು. ನೀನಲ್ಲ.”

ಬಾಗಿಲ ಬಳಿ ಸದ್ದಾಯಿತು. ಬಿಟ್ಟುಹೋಗಿದ್ದ ಚೀಲ ಒಯ್ಯಲು ಬಂದ ಟ್ರೆಮೇನ್ ಅಲ್ಲಿ ನಿಂತಿದ್ದ. ಅವನ ದವಡೆ ಬಿಗಿದಿತ್ತು.

“ಎಲ್ಲಾ ಕೇಳಿಸ್ತು, ಬರ್ನಿ ಆಂಟಿ. ನಮ್ಮಮ್ಮನ ಕೈ ಊಟ ತಿಂದು ಹೀಗೆ ಮಾತಾಡೋಕೆ ನಾಚಿಕೆ ಆಗಲ್ವಾ ನಿಮಗೆ?”

ಬರ್ನಡೆಟ್ ಮೇಜಿನ ಅಂಚು ಹಿಡಿದುಕೊಂಡಳು. “ಸುಳ್ಳು ಒಂದೂ ಹೇಳಿಲ್ಲ ಕಣೋ. ಎದುರಿನವನನ್ನ ತಡೆಯೋದು ಕಲಿ.”

“ನಿಮ್ಮ ಬುದ್ಧಿಮಾತು ನೀವೇ ಇಟ್ಕೊಳ್ಳಿ! ಇನ್ನು ನಮ್ಮನೆ ಮೆಟ್ಟಿಲು ಹತ್ತಬೇಡಿ.”

ಅವನು ಬಾಗಿಲು ಅಪ್ಪಳಿಸಿದ ಸದ್ದು ಉದ್ದನೆಯ ಹಜಾರವನ್ನೆಲ್ಲ ದಾಟಿ ಹೋಯಿತು.

ಮರುದಿನ ಸಂಜೆ ಪಿಟ್ಸ್‌ಬರ್ಗ್ ಸರದಿ ಬಂತು. ಲೀಗಿನ ಅಧ್ಯಕ್ಷರು ವೇದಿಕೆಯಿಂದ ಓದಿದ ಹೆಸರು: ಟ್ರೆಮೇನ್ ಗ್ಯಾಡ್ಸನ್.

ಟೀವಿಯಲ್ಲಿ ತಾಯಿ ಮಗನನ್ನು ತಬ್ಬಿಕೊಂಡು ಕುಣಿಯುತ್ತಿದ್ದಳು. ಯಾರೋ ಅವನ ಬಾಯಿಗೆ ಮೈಕು ಹಿಡಿದರು. “ನನ್ನನ್ನ ಕುಳ್ಳ ಅಂದವರೊಬ್ಬರಿದ್ದಾರೆ,” ಎಂದ ಟ್ರೆಮೇನ್, ಕ್ಯಾಮೆರಾ ದಿಟ್ಟಿಸಿ. “ನೋಡ್ತಿರಬೇಕು. ಹೊಟ್ಟೆ ಉರ್ಕೊಳ್ಳಲಿ.”

ಬರ್ನಡೆಟ್ ನೋಡುತ್ತಿದ್ದಳು. ಹಾರ್ಲನ್ ಅವಳ ಹಿಂದೆ ಬಂದು ನಿಂತ.

“ಹೆಂಗೆ? ಈಗ ಕರಿಯಮ್ಮಾ ನಿನ್ನ ಪೇಪರ್‌ನವರನ್ನ!”

ಅವನು ಶಿಳ್ಳೆ ಹಾಕುತ್ತ ಹೊರಟುಹೋದ.

ಎಲಿಯಟ್‌ಗೆ ತಡೆಯಲಾಗಲಿಲ್ಲ. “ಆ ಹುಡುಗ ನಿಮ್ಮನ್ನ ಸ್ವಂತ ದೊಡ್ಡಮ್ಮನ ಥರ ನೋಡ್ತಿದ್ದ. ಇನ್ನು ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ ಅವನು. ‘ಇವನನ್ನ ತಗೊಳ್ಳಿ’ ಅಂತ ಒಂದು ಮಾತು ಹೇಳೋಕೆ ನಿಮ್ಮ ಗಂಟೇನು ಹೋಗ್ತಿತ್ತು?”

ಬರ್ನಡೆಟ್ ಪರದೆಯಿಂದ ಕಣ್ಣು ಕೀಳಲಿಲ್ಲ. ಹಲ್ಲು ಕಚ್ಚಿಕೊಂಡೇ ಹೇಳಿದಳು:

“ನಾನು ‘ತಗೊಳ್ಳಿ’ ಅಂದ ಒಬ್ಬನನ್ನೂ ಹಾರ್ಲನ್ ಇವತ್ತಿನವರೆಗೆ ತಗೊಂಡಿಲ್ಲ, ಎಲಿಯಟ್.”