ಮಾತಾಡದ ಅಳಿಲು

ಅಮ್ಮ ಬಕೆಟ್ಟಿನಿಂದ ಒದ್ದೆ ಬಟ್ಟೆ ತೆಗೆದು ಹಿಂಡುತ್ತಿದ್ದಳು. ಒಳಗಿನಿಂದ ಮಗಳು ಕೂಗಿದಳು. "ಅಮ್ಮ, ಇದು ಕೆಟ್ಟೋಗಿದೆ, ಬಾ ಇಲ್ಲಿ."

ಹಿಂದಿನ ದಿನ ಚಿಕ್ಕಪ್ಪ ತಂದುಕೊಟ್ಟ ವಿಡಿಯೋ ಗೇಮ್ ಅದು. ಟೀವಿಗೆ ಸಿಕ್ಕಿಸುವ ಬೂದು ಪೆಟ್ಟಿಗೆ, ಅದರೊಳಗೆ ತುರುಕುವ ದಪ್ಪ ಕ್ಯಾಸೆಟ್ಟು, ಅದರ ಮೇಲೆ ಕಾರ್ಟೂನಿನ ಅಳಿಲಿನ ಚಿತ್ರ. ಟೀವಿಯ ಕಾರ್ಟೂನಿನಲ್ಲಿ ಆ ಅಳಿಲಿಗೆ ಧ್ವನಿ ಕೊಟ್ಟವನು ಅವಳ ಅಪ್ಪ. ಹಳೆಯ ಕಂತುಗಳು ಈಗಲೂ ದಿನಾ ಬರುತ್ತಿದ್ದವು. ಎಷ್ಟು ಎತ್ತರದಿಂದ ಬಿದ್ದರೂ ಅಳಿಲು ಎದ್ದು ಕೂತು, "ಬಾಲ ಇದೆಯಾ ನೋಡ್ರೋ" ಎನ್ನುತ್ತಿತ್ತು. ಶಾಲೆಯ ಮಕ್ಕಳೆಲ್ಲರ ಬಾಯಲ್ಲೂ ಅದೇ ಮಾತು.

"ನೋಡು." ಮಗಳು ಗುಂಡಿ ಒತ್ತಿದಳು. ಅಳಿಲು ಕೊಂಬೆಯಿಂದ ಜಾರಿ ತಲೆಕೆಳಗಾಗಿ ಬಿತ್ತು. ಟುಂಯ್ ಎಂದಿತು. ಅಷ್ಟೇ.

"ಈ ಆಟಗಳೇ ಹಾಗೆ ಪುಟ್ಟಿ. ಇದರಲ್ಲಿ ಯಾರೂ ಮಾತಾಡಲ್ಲ, ಬರೀ ಟುಂಯ್ ಟುಂಯ್."

"ಅಪ್ಪನ ಅಳಿಲು ಮಾತಾಡುತ್ತೆ." ಮಗಳು ಸೌಂಡನ್ನು ಪೂರ್ತಿ ಏರಿಸಿ ಮತ್ತೆ ಬೀಳಿಸಿದಳು. ಈ ಸಲದ ಟುಂಯ್‌ಗೆ ಕಿಟಕಿಯ ಗಾಜು ಅದುರಿತು.

ಆ ಸದ್ದಿಗೆ ಮಲಗಿದ್ದ ಅಪ್ಪ ಎದ್ದು ಬಂದ. ಗಂಟಲಿನ ಆಪರೇಷನ್ ಮುಗಿಸಿ ಮನೆಗೆ ಬಂದು ಐದು ದಿನವಾಗಿತ್ತು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕುತ್ತಿಗೆಯಲ್ಲೇ ತೂತು ಮಾಡಿದ್ದಾರೆ ಎಂದು ಮಗಳಿಗೆ ಯಾರೂ ಹೇಳಿರಲಿಲ್ಲ. "ಸ್ವಲ್ಪ ದಿನ ಮಾತಾಡಬಾರದಂತೆ, ಡಾಕ್ಟರು ಹೇಳಿದಾರೆ" ಎಂದಿದ್ದ ಅಮ್ಮ, ಮಿಕ್ಕಿದ್ದನ್ನು ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ದಿನ ದೂಡಿದ್ದಳು. ಮಗಳೂ ಏನೊಂದೂ ಕೇಳಿರಲಿಲ್ಲ. ಅಮ್ಮನಿಗೆ ಅದೇ ಹೆಚ್ಚು ದಿಗಿಲು.

"ಅಪ್ಪ, ನಾನು ಇದನ್ನ ಬೀಳಿಸ್ತೀನಿ, ನೀನೇ ಹೇಳು. ಒಂದೇ ಸಲ, ಮೆತ್ತಗೆ. ಡಾಕ್ಟರಿಗೆ ನಾನು ಹೇಳಲ್ಲ."

ಅಮ್ಮ ಬೇಡ ಎನ್ನುವಷ್ಟರಲ್ಲಿ ಅಳಿಲು ಬಿದ್ದಾಗಿತ್ತು. ಅಪ್ಪ ಬಾಯಿ ತೆರೆದ. ಅಭ್ಯಾಸಬಲ. ಹುಬ್ಬು ಮೇಲೇರಿತು, ಕೈ ಬೆನ್ನ ಹಿಂದೆ ಹೋಗಿ ಬಾಲ ತಡವಿತು, ತುಟಿಗಳು ಆ ಮಾತಿನ ಒಂದೊಂದಕ್ಷರವನ್ನೂ ಸರಿಯಾಗಿ ಆಡಿದವು. ಉಸಿರು ಮಾತ್ರ ಬಾಯಿಯಿಂದ ಬರಲಿಲ್ಲ. ಕುತ್ತಿಗೆಯ ಬಟ್ಟೆ ಬುಸ್ಸೆಂದು ಉಬ್ಬಿ, ತಗ್ಗಿತು.

ಮಗಳು ಆ ಬಟ್ಟೆಯನ್ನೇ ನೋಡುತ್ತಾ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ಅಮ್ಮ, ಅಪ್ಪ ಇನ್ಮೇಲೆ ಟೀವಿ ಒಳಗೆ ಮಾತ್ರ ಮಾತಾಡೋದಾ?"