ಮೂರು ವರ್ಷದ ನಿಯಮ

ಯಾಂಗ್ಚೆನ್ ತನ್ನೂರಿನ ಕಡುಬಾದ ಮೊಮೊಗೆ ಹಿಟ್ಟು ನಾದುತ್ತಿದ್ದಳು. ಟಿಬೆಟಿನಿಂದ ನಿರಾಶ್ರಿತೆಯಾಗಿ ಬಂದು ಮುಂಡಗೋಡಿನಲ್ಲಿ ಅವಳು ಕಟ್ಟಿದ ಅಂಗಡಿಗೆ ಒಂದೇ ನಿಯಮ: ಮೂರು ವರ್ಷ ಕೆಲಸ ಕಲಿತವರು ಹೊರಬಿದ್ದು ಸ್ವಂತ ಅಂಗಡಿ ಇಡಬೇಕು. ಹಾಗೆ ಒಂಬತ್ತು ಹೆಂಗಸರು ಮಾಲಕಿಯರಾಗಿದ್ದರು. ಅಂದು, ಮೂರು ವರ್ಷ ತುಂಬಿದ ಶಾಂತವ್ವನ ಸರದಿ.

"ಈ ಒಲಿ ಬಿಟ್ಟು ನಾ ಎಲ್ಲೂ ಹೋಗಂಗಿಲ್ರಿ ಅಕ್ಕಾರ," ಎಂದು ಶಾಂತವ್ವ ಕೂತೇಬಿಟ್ಟಳು.

"ನಿಯಮ ಮುರಿಯಾಕ ಬರಂಗಿಲ್ಲವ್ವ. ಯಾರರ ಒಬ್ಬರು ಹೋಗಾಕಬೇಕು."

"ಹಂಗಾರ ನೀವ ಹೋಗ್ರಿ. ಇಪ್ಪತ್ತು ವರ್ಷಾತು, ಇನ್ನೂ ಇಲ್ಲೇ ಅದೀರಿ."

ಯಾಂಗ್ಚೆನ್ ಹೊಟ್ಟೆ ಹಿಡಿದು ನಕ್ಕಳು. ಅಂಗಡಿಯ ಕೀಲಿಯನ್ನು ಶಾಂತವ್ವನ ಸೊಂಟಕ್ಕೆ ಸಿಕ್ಕಿಸಿ, ವರ್ಷದ ಹಿಂದೆಯೇ ತನ್ನ ಮೊದಲ ಶಿಷ್ಯೆಗೆ ಬರೆದಿಟ್ಟಿದ್ದ ಪತ್ರವನ್ನು ಕುಣಿಯುತ್ತಲೇ ಒಯ್ದು ಅಂಚೆಡಬ್ಬಿಗೆ ಹಾಕಿದಳು: "ನಿನ್ನ ಅಂಗಡಿಯಲ್ಲಿ ನನಗೊಂದು ಕೆಲಸ ಕೊಡುತ್ತೀಯಾ? ನೀನು ಮಾಡುವ ಜೋಳದ ಮೊಮೊ ಕಲಿಯಬೇಕು."