ತೊಳೆಯಬಾರದ ಬಾನಿ

"ಬಿಸಿನೀರು ತಾರೇ, ಈ ಬಾನಿ ತೊಳೀಬೇಕು," ಎಂದಳು ಅತ್ತೆ ಪ್ರೀಟಾ. ಸೊಸೆ ವಾಲ್ಪುರಿ ನಿಂತಲ್ಲೇ ನಿಂತಳು. ರೊಟ್ಟಿಯ ಹಿಟ್ಟು ನಾದುವ ಮರದ ಬಾನಿ ಅದು. ಒಳಗೋಡೆಗೆ ಅಂಟಿ ಒಣಗಿದ ಹಳೇ ಹಿಟ್ಟೇ ಮುಂದಿನ ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಹುಳಿ. ಅತ್ತೆಯ ಅಜ್ಜಿಯ ಕಾಲದಿಂದ ಅದನ್ನು ಯಾರೂ ತೊಳೆದಿರಲಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ವಾಲ್ಪುರಿ ಒದ್ದೆ ಬಟ್ಟೆ ಹಿಡಿದು ಅದರ ಬಳಿ ಹೋದಾಗ, "ಮುಸುರೆ ಬಾನಿ ಅಂದ್ಕೊಂಡ್ಯೇನೇ ಇದನ್ನ?" ಎಂದು ಇದೇ ಅತ್ತೆ ಸೌಟಿನಿಂದ ಬೆರಳ ಗೆಣ್ಣಿಗೆ ಬಾರಿಸಿದ್ದಳು.

"ಹುಳಿ ಹೋಗುತ್ತಲ್ಲ ಅತ್ತೆ, ಮುಂದಿನ ಸಲಕ್ಕೆ?"

"ಯಾವ ಹಿಟ್ಟಿಗೆ ಹಾಕ್ತೀಯ ಹುಳೀನ? ಹೊರಗಿರೋ ಹಿಮಕ್ಕಾ?"

ಆ ವರ್ಷ ಫಿನ್ಲೆಂಡಿನ ಹೊಲಗಳಲ್ಲಿ ರೊಟ್ಟಿಯ ಧಾನ್ಯವಾದ ರೈ ಬಲಿಯುವ ಮೊದಲೇ ಮಂಜು ಬಿದ್ದು ಪೈರು ಕರಕಲಾಗಿತ್ತು. ಪೈನ್ ತೊಗಟೆಯ ಪುಡಿ ಬೆರೆಸಿ ಸುಟ್ಟ ಕೊನೆಯ ರೊಟ್ಟಿ ಮುಗಿದು ನಾಲ್ಕು ದಿನ ಕಳೆದಿತ್ತು. ಒಲೆಯ ಪಕ್ಕ ಮಲಗಿದ್ದ ಮೊಮ್ಮಗ ಟಾನೆಲಿ ಈಗ ಅಳುವುದನ್ನೂ ಬಿಟ್ಟಿದ್ದ.

ವಾಲ್ಪುರಿ ನೀರು ತಂದಳು. ಪ್ರೀಟಾ ಚಾಕುವಿನಿಂದ ಸಂದಿಸಂದಿಯನ್ನೂ ಕೆರೆದಳು. ಉದುರಿದ ಕಂದು ಚಕ್ಕೆಗಳು ಬಿಸಿನೀರಿನಲ್ಲಿ ಕರಗಿ ಒಂದು ಬಟ್ಟಲು ತೆಳು ಗಂಜಿಯಾಯಿತು. ಒಂದು ಗುಟುಕು ಕುಡಿದ ಮಗು ಮುಖ ಹಿಂಡಿತು. "ರೊಟ್ಟಿ ವಾಸನೆ ಅಜ್ಜಿ."

"ಹೂಂ ಕಣೋ ಮರಿ, ನಮ್ಮನೇಲಿ ಸುಟ್ಟ ರೊಟ್ಟಿಯೆಲ್ಲಾ ಇದರಲ್ಲೇ ಇದೆ. ಕುಡಿ."

ಬಟ್ಟಲು ಖಾಲಿಯಾದ ಮೇಲೆ ಪ್ರೀಟಾ ಒದ್ದೆ ಬಟ್ಟೆಯೊಂದನ್ನು ಸೊಸೆಯ ಕೈಗಿಟ್ಟಳು.

"ಅವತ್ತು ಆಸೆಪಟ್ಟಿದ್ಯಲ್ಲ. ತಗೋ, ಒರೆಸು."